ಹೆರಾಯಿನ್ ಕೆಮ್ಮಿಗೆ ಮದ್ದಾಗಿದ್ದ ಕಾಲ

ಹೆರಾಯಿನ್ ಅಂದ್ರೆ ಇವತ್ತು ಪೊಲೀಸ್ ಸುದ್ದಿ. ಆದರೆ 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಅದೇ ಹೆಸರಲ್ಲಿ ಕೆಮ್ಮಿನ ಔಷಧಿ ಮಾರೋಕೆ ಶುರು ಮಾಡ್ತು! ಆಗ ಕ್ಷಯ, ನ್ಯುಮೋನಿಯಾಗೆ ಸರಿಯಾದ ಮದ್ದಿರಲಿಲ್ಲ. ರಾತ್ರಿ ಕೆಮ್ಮು ನಿಂತು ನಿದ್ದೆ ಬಂದರೆ ಅದೇ ದೊಡ್ಡದು. ಮಾರ್ಫಿನ್‌ನಂತೆ ಚಟ ಹಿಡಿಸಲ್ಲ ಅಂತ ಪ್ರಚಾರ ಬೇರೆ. ಚಟ ಹಿಡಿಸಿತು. 1913ರಲ್ಲಿ ಬೇಯರ್ ತಯಾರಿಕೆ ನಿಲ್ಲಿಸಿತು.

ಉಳಿದದ್ದು ಕೋಡೀನ್. 1832ರಲ್ಲಿ ಫ್ರಾನ್ಸಿನ ರೊಬಿಕೆ ಅಫೀಮಿನಿಂದ ಬೇರ್ಪಡಿಸಿದ್ದು. ಸೌಮ್ಯ ಅಂತಾರೆ, ಆದರೆ ನಮ್ಮ ಲಿವರ್ ಅದರಲ್ಲಿ ಸ್ವಲ್ಪವನ್ನ ಮಾರ್ಫಿನ್ ಮಾಡುತ್ತೆ. ಕೆಲವರಲ್ಲಿ ತುಂಬಾ ಬೇಗ, ಉಸಿರಾಟವೇ ನಿಧಾನ ಆಗುವಷ್ಟು. ಅಂಥವರು ಯಾರು ಅಂತ ಮುಖ ನೋಡಿ ಹೇಳೋಕಾಗಲ್ಲ. 2018ರಲ್ಲಿ ಅಮೆರಿಕದ ಎಫ್‌ಡಿಎ 18ರೊಳಗಿನವರಿಗೆ ಈ ಕೆಮ್ಮಿನ ಔಷಧಿ ಬೇಡ ಅಂದಿತು. ದೊಡ್ಡವರಿಗೂ ಡಾಕ್ಟರ್ ಚೀಟಿ ಇದ್ದರೆ ಮಾತ್ರ, ಅದೂ ಅಳತೆ ಮುಚ್ಚಳದಲ್ಲಿ, ಅಡುಗೆಮನೆ ಚಮಚದಲ್ಲಲ್ಲ. ಜೊತೆಗೆ ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ; ಸಿರಪ್ ಕುಡಿದು ತೂಕಡಿಕೆ ಬರ್ತಿದ್ರೆ ಬೈಕ್ ಕೀ ಮುಟ್ಟಬೇಡಿ.