ಅಪ್ಪನಿಗೆ ಹೇಳು, ಮಗನಿಗೆ ಹೇಳು

ಕೊಡಗಿನ ಪಶ್ಚಿಮದ ಅಂಚಿನಲ್ಲಿ, ಭಾಗಮಂಡಲದಿಂದ ಕಾಡಿನ ನಡುವೆ ಸುತ್ತಿ ಸುತ್ತಿ ಇಳಿಯುವ ರಸ್ತೆಯ ಕೊನೆಗೆ ಸಿಗುವ ಊರು ನಮ್ಮ ಕರಿಕೆ. ಅಲ್ಲಿಂದ ಮುಂದೆ ಹೋದರೆ ಕೇರಳದ ಪಾಣತ್ತೂರು. ಮನೆಯೊಳಗೆ ಅರೆಭಾಷೆ, ಗಡಿಯಾಚೆ ಮಲಯಾಳ, ಶಾಲೆಯಲ್ಲಿ ಕನ್ನಡ, ಸುಳ್ಯದ ಕಡೆಯ ನೆಂಟರು ಬಂದರೆ ತುಳು. ಇಷ್ಟೊಂದು ಭಾಷೆ ಬಲ್ಲ ಊರಿನಲ್ಲಿ ಅಪ್ಪನಿಗೂ ಬೆಳೆದ ಮಗನಿಗೂ ಆಡಿಕೊಳ್ಳಲು ಒಂದು ಭಾಷೆ ಇಲ್ಲವಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಜಗಳವಾಡಿ ಮಾತು ಬಿಟ್ಟವರ ಸಂಗತಿಯನ್ನು ನಾನು ಹೇಳುತ್ತಿಲ್ಲ. ಚೆನ್ನಾಗಿರುವ ಮನೆಗಳ ಕತೆಯೇ ಇದು. ಅಪ್ಪ ಜಗಲಿಯಲ್ಲಿ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕುಳಿತಿರುತ್ತಾರೆ. ಮಗ ಒಳಗೆ ಊಟಕ್ಕೆ ಕುಳಿತಿರುತ್ತಾನೆ. ಅಪ್ಪ ಒಳಬಾಗಿಲ ಕಡೆ ಮುಖ ಮಾಡಿ, "ಅಡಿಕೆಗೆ ಮದ್ದು ಬಿಡುವವರು ನಾಳೆ ಬರ್ತಾರೆ ಅಂತ ಅವನಿಗೆ ಹೇಳು" ಅನ್ನುತ್ತಾರೆ. ಮಗ ತಟ್ಟೆಯಿಂದ ತಲೆ ಎತ್ತದೆ, "ಕೇಳಿಸ್ತು ಅಂತ ಅಪ್ಪನಿಗೆ ಹೇಳಮ್ಮ" ಅನ್ನುತ್ತಾನೆ. ನಡುವೆ ಸಾರಿನ ಸೌಟು ಹಿಡಿದು ನಿಂತ ಅಮ್ಮ ಇಬ್ಬರಿಗೂ ಹೇಳುತ್ತಾಳೆ. ಹಾಗೆ ಹೇಳುವಾಗ ಒಬ್ಬನ ಮಾತಿನ ಮುಳ್ಳನ್ನು ಕಿತ್ತು, ಇನ್ನೊಬ್ಬನ ಮಾತಿಗೆ ಒಂದಿಷ್ಟು ಬೆಲ್ಲ ಸೇರಿಸುತ್ತಾಳೆ. ಈ ಕೆಲಸಕ್ಕೆ ಸಂಬಳವಿಲ್ಲ, ರಜೆಯಿಲ್ಲ. ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೂ ಇದು ಹೊಸತಲ್ಲ. ಜಗಲಿಯ ಬದಲು ಸೋಫಾ ಬಂದಿದೆ, ಅಷ್ಟೇ.

ಈ ಮೌನಕ್ಕೂ ಒಂದು ಚರಿತ್ರೆ ಇದೆ. ಅರಸರ ಚರಿತ್ರೆಯ ಹಾಗೆ ಅದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ನಾವು ರಾತ್ರಿ ನಿದ್ದೆಗೆಟ್ಟು ಕೇಳಿದ ಪ್ರಸಂಗಗಳಲ್ಲಿ, ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದ ಸಿನಿಮಾಗಳಲ್ಲಿ ಅದು ಉಳಿದುಕೊಂಡಿದೆ.

ನಮ್ಮ ಕಡೆ ಸಿನಿಮಾಕ್ಕಿಂತ ಮೊದಲು ಬಂದದ್ದು ತಾಳಮದ್ದಲೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ರಾತ್ರಿಗಳಿಗೆ ಅದೇ ಆಸರೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಹಾಡು ಮತ್ತು ಮಾತು. ಅದರಲ್ಲಿ ಮತ್ತೆ ಮತ್ತೆ ಬರುವ ಪ್ರಸಂಗಗಳನ್ನು ನೋಡಿ: ಬಭ್ರುವಾಹನ ಕಾಳಗ, ಸುಧನ್ವ ಕಾಳಗ, ಲವಕುಶರ ಕಾಳಗ. ಮೂರೂ ಅಪ್ಪ-ಮಕ್ಕಳ ಕತೆಗಳು, ಮೂರೂ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಇರುವಂಥವು. ಹಂಸಧ್ವಜ ರಾಜ ಯುದ್ಧಕ್ಕೆ ತಡವಾಗಿ ಬಂದ ತಪ್ಪಿಗೆ ಸ್ವಂತ ಮಗ ಸುಧನ್ವನನ್ನು ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಲವಕುಶರು ಅಪ್ಪನೆಂದು ಅರಿಯದೆ ರಾಮನ ಮೇಲೆ ಬಾಣ ಹೂಡುತ್ತಾರೆ. ಬಭ್ರುವಾಹನನ ಕತೆ ಇನ್ನೂ ಕಠಿಣ. ಆತ ಅಪ್ಪನೆಂದು ತಿಳಿದೇ, ಕಟ್ಟಿದ ಯಜ್ಞದ ಕುದುರೆಯನ್ನು ಬಿಟ್ಟು, ಕಪ್ಪಕಾಣಿಕೆ ಹಿಡಿದು ಅರ್ಜುನನ ಕಾಲಿಗೆ ಬೀಳಲು ಹೋಗುತ್ತಾನೆ. ಅರ್ಜುನ ಅವನನ್ನು ಮಗನೆಂದು ಒಪ್ಪದೆ, ಅವನ ತಾಯಿ ಚಿತ್ರಾಂಗದೆಯ ಶೀಲವನ್ನೇ ಹಳಿಯುತ್ತಾನೆ. ಬಿಲ್ಲು ಎತ್ತುವುದು ಆಗ.

ಅರ್ಥಧಾರಿಗಳು ಈ ಭಾಗಕ್ಕೆ ಬಂದಾಗ ಒಳಬಾಗಿಲಿನ ಹತ್ತಿರ ಕುಳಿತ ಹೆಂಗಸರು ತೂಕಡಿಕೆ ಬಿಟ್ಟು ನೆಟ್ಟಗಾಗುತ್ತಿದ್ದರು. ಯಾಕೆಂದು ಆಮೇಲೆ ಯೋಚಿಸಿದ್ದೇನೆ. ಇಷ್ಟು ವರ್ಷ ಕಣ್ಣಿಗೆ ಬೀಳದ ಗಂಡನ ಬಗ್ಗೆ ಮಗನಲ್ಲಿ ಗೌರವ ಬೆಳೆಸಿದವಳು ಚಿತ್ರಾಂಗದೆ. ಮಗ ಕಾಣಿಕೆ ಹಿಡಿದು ಹೊರಟದ್ದು ಅವಳ ಮಾತಿನ ಬಲದಿಂದ. ಅರ್ಜುನ ಒದ್ದದ್ದು ಆ ಮಾತನ್ನು. ಅಂದರೆ ಅಪ್ಪ-ಮಗನ ಯುದ್ಧ ನಡೆದದ್ದು ಅಮ್ಮ ಹಾಕಿದ ಸೇತುವೆಯ ಮೇಲೆಯೇ.

ಕನ್ನಡ ಸಿನಿಮಾ ಮಾತು ಕಲಿತದ್ದು 1934ರಲ್ಲಿ. ಆ ವರ್ಷ ಬಂದ ಎರಡು ಚಿತ್ರಗಳು 'ಸತಿ ಸುಲೋಚನ' ಮತ್ತು 'ಭಕ್ತ ಧ್ರುವ'. ಮೊದಲನೆಯದರಲ್ಲಿ ಅಪ್ಪ ರಾವಣನ ತಪ್ಪಿಗೆ ಮಗ ಇಂದ್ರಜಿತು ಪ್ರಾಣ ತೆರುತ್ತಾನೆ, ಅದರ ಫಲ ಉಣ್ಣುವವಳು ಅವನ ಹೆಂಡತಿ. ಎರಡನೆಯದರಲ್ಲಿ ಅಪ್ಪನ ತೊಡೆಯೇರಲು ಹೋದ ಕಂದನನ್ನು ಕಿರಿಯ ಹೆಂಡತಿ ಸುರುಚಿ ತಡೆಯುತ್ತಾಳೆ, ಉತ್ತಾನಪಾದ ರಾಜ ಬಾಯಿ ಮುಚ್ಚಿ ಕುಳಿತಿರುತ್ತಾನೆ. ಅಳುತ್ತ ಬಂದ ಮಗನಿಗೆ ಹೆತ್ತ ತಾಯಿ ಸುನೀತಿ ದೇವರ ದಾರಿ ತೋರಿಸುತ್ತಾಳೆ. ಐದು ವರ್ಷದ ಮಗು ಕಾಡಿಗೆ ಹೋಗಬೇಕಾಯಿತೇ ಹೊರತು, "ನಿಮ್ಮ ಮಗನನ್ನು ಎತ್ತಿಕೊಳ್ಳಿ" ಎಂದು ಗಂಡನಿಗೆ ಹೇಳುವ ಧೈರ್ಯ ಆ ತಾಯಿಗೆ ಇರಲಿಲ್ಲ. ನಮ್ಮ ವಾಕ್ಚಿತ್ರದ ಮೊದಲ ವರ್ಷವೇ ಅಪ್ಪನ ಮೌನದಿಂದ ಶುರುವಾಯಿತು ಅನ್ನಬಹುದು.

ಎರಡು ವರ್ಷ ಕಳೆದು, 1936ರಲ್ಲಿ, ಪುರಾಣ ಬಿಟ್ಟು ಸಂಸಾರದ ಕತೆ ಹೇಳಿದ ಮೊದಲ ಕನ್ನಡ ಚಿತ್ರ ಬಂತು, 'ಸಂಸಾರ ನೌಕೆ'. ಅದರಲ್ಲಿ ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ ಎಳೆಯ ಜೋಡಿಯಾಗಿ ನಟಿಸಿದ್ದರು. ಈ ರಾಜಮ್ಮ ಸಾಮಾನ್ಯರಲ್ಲ. 1943ರಲ್ಲಿ 'ರಾಧಾರಮಣ' ಚಿತ್ರ ತೆಗೆದು ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎನ್ನಿಸಿಕೊಂಡವರು. ಇದೇ ಜೋಡಿ 22 ವರ್ಷಗಳ ಮೇಲೆ, 1958ರಲ್ಲಿ, ಪಂತುಲು ಅವರೇ ನಿರ್ದೇಶಿಸಿದ 'ಸ್ಕೂಲ್ ಮಾಸ್ಟರ್'ನಲ್ಲಿ ತಲೆ ನರೆತ ಅಪ್ಪ-ಅಮ್ಮನಾಗಿ ಕಾಣಿಸಿಕೊಂಡಿತು.

ಕತೆ ನಿಮಗೆ ಗೊತ್ತಿರಬಹುದು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು ನಿವೃತ್ತರಾಗುತ್ತಾರೆ. ಇದ್ದ ಮನೆ ಕೈತಪ್ಪುತ್ತದೆ. ಮಕ್ಕಳು ತಂದೆ-ತಾಯಿಯನ್ನು ಪಾತ್ರೆಪಡಗದ ಹಾಗೆ ಪಾಲು ಮಾಡಿಕೊಳ್ಳುತ್ತಾರೆ, ಅಪ್ಪ ಒಬ್ಬನ ಮನೆಗೆ, ಅಮ್ಮ ಇನ್ನೊಬ್ಬನ ಮನೆಗೆ. ಕೊನೆಗೆ ಕೈಹಿಡಿಯುವವನು ಮೇಷ್ಟ್ರ ಹಳೆಯ ಶಿಷ್ಯ. ಈ ಕತೆ ತಮಿಳು, ತೆಲುಗು, ಮಲಯಾಳಕ್ಕೂ ಹೋಯಿತೆಂದರೆ ನೋವು ಎಲ್ಲ ಕಡೆಯದೂ ಆಗಿತ್ತು. ಪುರಾಣದಲ್ಲಿ ಅಪ್ಪ ಬಲಶಾಲಿ, ಮಗ ತೊಡೆ ಬೇಡುವವನು. ಇಲ್ಲಿ ತಕ್ಕಡಿ ತಿರುಗಿದೆ. ಮಗನಿಗೆ ಸಂಬಳವಿದೆ, ಅಪ್ಪ ಅವನ ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮನನ್ನು ಬೇರೆ ಮನೆಗೆ ಕಳಿಸಿದ ಮೇಲೆ ಅಪ್ಪನ ಪರವಾಗಿ ಎರಡು ಮಾತು ಹೇಳಲು ಆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. 2007ರಲ್ಲಿ ತಂದೆ-ತಾಯಿಯರ ಪೋಷಣೆಗೆಂದೇ ಕೇಂದ್ರ ಸರ್ಕಾರ ಕಾಯಿದೆ ತಂದಿತು. ಮಕ್ಕಳಿಂದ ಮಾಸಿಕ ಜೀವನಾಂಶ ಕೊಡಿಸಲು ಅದರಲ್ಲಿ ದಾರಿಯಿದೆ. ಜೊತೆಗೆ ಕುಳಿತು ಮಾತಾಡಿಸಲು ಯಾವ ಕಾಯಿದೆಯಿಂದ ಸಾಧ್ಯ?

1977ರಲ್ಲಿ ನಮ್ಮ ತಾಳಮದ್ದಲೆಯ ಹಳೆಯ ಜಗಳವೇ ಬೆಳ್ಳಿತೆರೆಗೆ ಬಂತು. ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ'ದಲ್ಲಿ ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಚಿತ್ರಾಂಗದೆ ಬಿ. ಸರೋಜಾದೇವಿ. ಒಬ್ಬರೇ ನಟ ಎರಡು ಪಾತ್ರ ಮಾಡಿದ್ದು ಜನ ಸೇರಿಸಲು ಇರಬಹುದು, ಆದರೆ ಅದರಲ್ಲಿ ಒಂದು ಸತ್ಯವೂ ಕಾಣುತ್ತದೆ. ಎದುರುಬದುರು ನಿಂತು ಏರು ದನಿಯಲ್ಲಿ ವಾದಿಸುವ ಇಬ್ಬರಿಗೂ ಒಂದೇ ಮುಖ, ಒಂದೇ ಗಂಟಲು. ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? "ಥೇಟ್ ಅಪ್ಪನ ಹಾಗೆ" ಎಂದು ನಾವು ಹೇಳುವುದು ಮಗ ಹಟ ಹಿಡಿದಾಗಲೇ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಇದು ಇನ್ನೊಂದು ಬಗೆಯಲ್ಲಿ ಬಂತು. ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರ ಸ್ವಂತ ಮಗ, ಮುಂದೆ ಪುನೀತ್ ಎಂದು ನಾಡಿಗೆಲ್ಲ ಪ್ರಿಯನಾದ ಬಾಲಕ. ಮನೆಯಲ್ಲಿ ಮುದ್ದಿನ ಮಗನಾದವನನ್ನು ತೆರೆಯ ಮೇಲೆ ಅಪ್ಪ ಗದರುವುದನ್ನು ನೋಡಿ ಹೆಂಗಸರು ಮರುಗಿದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ತೀರಿಕೊಂಡ ಮೇಲಂತೂ ಆ ಚಿತ್ರದ ತುಣುಕು ಟಿವಿಯಲ್ಲಿ ಬಂದರೆ ನೋಡಲು ಕಷ್ಟವಾಗುತ್ತದೆ.

ಗಡಿಯ ಊರಿನವರಿಗೆ ಒಂದು ಲಾಭವಿದೆ, ಪಕ್ಕದ ಭಾಷೆಯ ಸಿನಿಮಾ ಕೂಡ ನಮ್ಮದೇ. 1995ರಲ್ಲಿ ಭದ್ರನ್ ನಿರ್ದೇಶಿಸಿದ ಮಲಯಾಳದ 'ಸ್ಫಟಿಕಂ' ಬಂತು. ಅಪ್ಪ ಚಾಕೋ ಮಾಷ್ ಗಣಿತದ ಉಪಾಧ್ಯಾಯ, ತಿಲಕನ್ ಮಾಡಿದ ಪಾತ್ರ. ಮಗ ತೋಮಾ, ಮೋಹನ್‌ಲಾಲ್. ಹುಡುಗನಿಗೆ ಯಂತ್ರಗಳಲ್ಲಿ ಆಸಕ್ತಿ, ಅಪ್ಪನಿಗೆ ಬೇಕಾದದ್ದು ಗಣಿತದ ಅಂಕ. ಹೊಡೆತ, ಅವಮಾನ ತಾಳದೆ ಮಗ ಮನೆ ಬಿಡುತ್ತಾನೆ, ಪುಂಡನಾಗಿ ಮರಳುತ್ತಾನೆ. ನಡುವೆ ಬೇಯುವ ಅಮ್ಮ ಕೆಪಿಎಸಿ ಲಲಿತಾ. 'ಸ್ಕೂಲ್ ಮಾಸ್ಟರ್'ನ ಮೇಷ್ಟ್ರು ಪರರ ಮಕ್ಕಳಿಗೆ ಅಪ್ಪನಾದವರು, ಈ ಮಾಷ್ ಸ್ವಂತ ಮಗನಿಗೂ ಮೇಷ್ಟ್ರಾಗಿಯೇ ಉಳಿದವರು. ತನ್ನ ಲೆಕ್ಕ ತಪ್ಪಿತೆಂದು ಅವರಿಗೆ ತಿಳಿಯುವ ಹೊತ್ತಿಗೆ ಬಾಳು ಮುಗಿಯುತ್ತ ಬಂದಿರುತ್ತದೆ. ಈ ಕತೆ 2010ರಲ್ಲಿ 'ಮಿಸ್ಟರ್ ತೀರ್ಥ' ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂತು.

ಆಮೇಲೆ 2016. ಆ ವರ್ಷ ಮೇ ತಿಂಗಳಲ್ಲಿ ರಾಮ್ ರೆಡ್ಡಿಯವರ 'ತಿಥಿ', ಜೂನ್‌ನಲ್ಲಿ ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ತೆರೆಗೆ ಬಂದವು. ಒಂದು ಮಂಡ್ಯದ ಹಳ್ಳಿಯದು, ನಟನೆ ಕಲಿಯದ ಹಳ್ಳಿಗರೇ ನಟಿಸಿದ್ದು. ಇನ್ನೊಂದು ಬೆಂಗಳೂರಿನದು, ಅನಂತ್ ನಾಗ್ ಮತ್ತು ರಕ್ಷಿತ್ ಶೆಟ್ಟಿ ನಟಿಸಿದ್ದು. 'ತಿಥಿ'ಯಲ್ಲಿ 101 ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಶೋಕವೂ ಇಲ್ಲ, ಹೊಲಗದ್ದೆಯಲ್ಲಿ ಸುತ್ತಿಕೊಂಡಿರುತ್ತಾನೆ. ಮೊಮ್ಮಗ ತಮ್ಮಣ್ಣ ಜಮೀನು ಮಾರುವ ಆತುರದಲ್ಲಿ, ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸತ್ತವನನ್ನಾಗಿ ಮಾಡುತ್ತಾನೆ. 'ಗೋಧಿ ಬಣ್ಣ'ದಲ್ಲಿ ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಾಣೆಯಾಗುತ್ತಾರೆ. ಬೇಸರದಿಂದಲೇ ಅಪ್ಪನನ್ನು ನೋಡಲು ಬಂದಿದ್ದ ಮಗ ಶಿವ ಹುಡುಕಲು ಹೊರಡುತ್ತಾನೆ. ಕಾಣೆಯಾದವರ ಪ್ರಕಟಣೆಯಲ್ಲಿ ಯಾರಿಗೆ ಬೇಕಾದರೂ ಹೊಂದುವ ಆ ನಾಲ್ಕು ಪದಗಳೇ ಚಿತ್ರದ ಹೆಸರು. ಸ್ವಂತ ಅಪ್ಪನ ಬಗ್ಗೆ ಮಗನಿಗೆ ಗೊತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಈ ಎರಡು ಚಿತ್ರಗಳಲ್ಲಿ ಒಂದು ಸಾಮ್ಯವನ್ನು ನಾನು ಗಮನಿಸಿದೆ. ಎರಡರಲ್ಲೂ ಅಪ್ಪನ ಹೆಂಡತಿ ಇಲ್ಲ. ಎರಡರಲ್ಲೂ ಅಪ್ಪ ಕೊನೆಗೂ ಬಾಯಿ ಬಿಡುತ್ತಾನೆ, ಆದರೆ ಮಗನ ಮುಂದೆ ಅಲ್ಲ. ಗಡ್ಡಪ್ಪ ತನ್ನ ಹಳೆಯ ಗಾಯವನ್ನು ಹೇಳಿಕೊಳ್ಳುವುದು ಬೀಡುಬಿಟ್ಟ ಕುರಿಗಾಹಿಗಳ ಮುಂದೆ. ವೆಂಕೋಬ ರಾವ್ ತೀರಿಹೋದ ಹೆಂಡತಿ ಪುಷ್ಪಾಳನ್ನು ತಾನು ಮೆಚ್ಚಿ ಮದುವೆಯಾದ ಕತೆಯನ್ನು ಹೇಳುವುದು ತನ್ನನ್ನು ನೋಡಿಕೊಳ್ಳುವ ಡಾಕ್ಟರ್ ಹುಡುಗಿ ಸಹನಾಳಿಗೆ. ಮಗನಿಗೆ ಆ ಕತೆ ಸಿಗುವುದು ಅವಳಿಂದ. ಅಂದರೆ ಅಮ್ಮ ಹೋದ ಮೇಲೆ ಸೌಟು ಹಿಡಿದು ನಡುವೆ ನಿಲ್ಲುವ ಕೆಲಸಕ್ಕೆ ಇನ್ನೊಬ್ಬ ಹೆಣ್ಣೇ ಬರಬೇಕಾಯಿತು. ಸುನೀತಿಯಿಂದ ಸಹನಾಳವರೆಗೆ 82 ವರ್ಷ, ಕೆಲಸ ಅದೇ.

ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಮಾತು ದಾಟಿಸುವುದು ಕೀಳು ಕೆಲಸವೇನೂ ಅಲ್ಲ, ಎಷ್ಟೋ ಮನೆಗಳು ಅದರಿಂದಲೇ ನಿಂತಿವೆ. ಆದರೆ ಅದರಿಂದ ಆದ ಎರಡು ನಷ್ಟಗಳನ್ನು ನಾವು ಎಣಿಸಬೇಕು. ಮೊದಲನೆಯದು, ನಾವು ನಡುವೆ ಇದ್ದೇವೆಂಬ ಧೈರ್ಯದಿಂದ ಅಪ್ಪ-ಮಗ ನೇರ ಮಾತು ಕಲಿಯಲೇ ಇಲ್ಲ. ನಾವು ಹೋದ ದಿನ ಅವರು ಒಂದೇ ಮನೆಯಲ್ಲಿ ಅಪರಿಚಿತರಾಗುತ್ತಾರೆ. ಕರಿಕೆಯ ಕಡೆ ಹೆಂಡತಿ ತೀರಿದ ಮೇಲೆ ಜಗಲಿಯಲ್ಲಿ ಒಬ್ಬರೇ ಕುಳಿತ ಹಿರಿಯರನ್ನು ಕಂಡಿದ್ದೇನೆ. ತೋಟವಿದೆ, ಮಗ ಒಳ್ಳೆಯವನೇ, ಊಟಕ್ಕೆ ಕೊರತೆಯಿಲ್ಲ. ಆದರೆ ಒಳಬಾಗಿಲ ಕಡೆ ತಿರುಗಿ "ಅವನಿಗೆ ಹೇಳು" ಎನ್ನಲು ಅಲ್ಲಿ ಯಾರೂ ಇಲ್ಲ. ಎರಡನೆಯದು, ಜೀವಮಾನವೆಲ್ಲ ಇವರಿಬ್ಬರ ಮಾತನ್ನೇ ಹೊತ್ತು ತಿರುಗಿದ ನಮ್ಮ ಬಾಯಿಗೆ ನಮ್ಮ ಮಾತು ಬರಲೇ ಇಲ್ಲ. ಪುಷ್ಪಾಳ ಕತೆಯನ್ನು ಗಂಡ ಚೆನ್ನಾಗಿಯೇ ಹೇಳಿದ, ಸಂತೋಷ. ಆಕೆಯೇ ಹೇಳಿದ್ದರೆ ಹೇಗೆ ಹೇಳುತ್ತಿದ್ದಳು?

ಆದ್ದರಿಂದ ಅಕ್ಕ-ತಂಗಿಯರಲ್ಲಿ ನನ್ನದೊಂದು ಸಣ್ಣ ಸೂಚನೆ. "ಅಪ್ಪನಿಗೆ ಹೇಳಮ್ಮ" ಎಂದು ಮಗ ಅಂದಾಗ, ಒಮ್ಮೊಮ್ಮೆಯಾದರೂ, "ಅಲ್ಲೇ ಕೂತಿದ್ದಾರಲ್ಲ, ನೀನೇ ಹೇಳಪ್ಪ" ಎಂದು ಒಳಗೆ ಹೋಗಿಬಿಡಿ. ಮೊದಲ ದಿನ ಇಬ್ಬರೂ ಸುಮ್ಮನಿರುತ್ತಾರೆ. ಎರಡನೆಯ ದಿನ ಮಳೆ, ಅಡಿಕೆ ದರ, ಕ್ರಿಕೆಟ್ ಏನಾದರೂ ಒಂದು ಮಾತು ಬಂದೀತು. ಆ ಹೊತ್ತಿನಲ್ಲಿ ನೀವು ಒಳಗೆ ಕುಳಿತು ನಿಮ್ಮ ಅಮ್ಮನ ಬಗ್ಗೆ, ನಿಮ್ಮ ತವರಿನ ಬಗ್ಗೆ ಮಗಳಿಗೋ ಸೊಸೆಗೋ ಹೇಳುತ್ತಿರಿ. ಸಾರು ತುಸು ಆರಿದರೂ ಅಡ್ಡಿಯಿಲ್ಲ.