ನಕಾಶೆಯ ಗೆರೆಯಾಚೆ ಕುರನೂರ

ಕುರನೂರ ಧರಣದ ನೀರು ಅಕ್ಕಲಕೋಟದ ನಳಕ್ಕೆ ಬರುತ್ತದೆ. ಮೈಂದರ್ಗಿ, ದುಧನಿಯವರೂ ಅದನ್ನೇ ನಂಬಿದ್ದಾರೆ. ಆದರೆ ಅಕ್ಕಲಕೋಟ ನಗರದ ವಿಕಾಸ ಆರಾಖಡಾ ಮಾಡುವವರು ಗೆರೆ ಎಳೆಯುವುದು ನಗರಪರಿಷತ್ತಿನ ಹದ್ದಿನವರೆಗೆ ಮಾತ್ರ. ಕುರನೂರ ಆ ಗೆರೆಯ ಆಚೆ. ಊರು ಎಷ್ಟು ಬೆಳೆಯಬಹುದು ಎಂದು ತೀರ್ಮಾನಿಸುವ ನೀರು ಒಂದು ಕಡೆ, ಎಲ್ಲಿ ಬೆಳೆಯಬೇಕು ಎಂದು ತೀರ್ಮಾನಿಸುವ ಕಾಗದ ಇನ್ನೊಂದು ಕಡೆ!

ನಮ್ಮ ಹಿಂದಿನವರು ಹೀಗೆ ಬೇರೆ ಮಾಡಿ ನೋಡಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಗುಡಿಯ ಜೊತೆ ಕೆರೆಯನ್ನೂ ಕಟ್ಟಿಸಿದರು. ಅದರ ಸುತ್ತಲೇ ಸೊಲ್ಲಾಪುರ ಬೆಳೆಯಿತು. ನಮ್ಮ ಬೋರಿ ಹೊಳೆಗೇ ಮೇಲ್ಗಡೆ ನಳದುರ್ಗದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1613ರಲ್ಲಿ, ಕೋಟೆಯೊಳಗೇ ಅಡ್ಡಗಟ್ಟೆ ಹಾಕಿ ಅದರ ಹೊಟ್ಟೆಯಲ್ಲಿ ಪಾಣಿಮಹಲ್ ಕಟ್ಟಿದರು. ಮಳೆಗಾಲದಲ್ಲಿ ಅದನ್ನು ನೋಡಲು ಹೋಗುವ ಶಾಲಾ ಸಹಲುಗಳು ಇವತ್ತಿಗೂ ತಪ್ಪಿಲ್ಲ. ಅದೇ ಹೊಳೆ ಕೆಳಗಿಳಿದು ಕುರನೂರದಲ್ಲಿ ನಿಂತು, ಮುಂದೆ ಭೀಮೆಯನ್ನು ಕೂಡುತ್ತದೆ.

ಕಾಯ್ದೆಯ ಕಥೆ ಆಮೇಲಿನದು. ಭಾರತದಲ್ಲಿ ನಗರರಚನೆಗೆಂದು ಮೊದಲು ಬಂದ ಕಾಯ್ದೆ 1915ರ ಮುಂಬಯಿ ಕಾಯ್ದೆ. ಅದು ಬ್ರಿಟಿಷ್ ಆಳ್ವಿಕೆಯ ಸೊಲ್ಲಾಪುರದ ಮಾತಾಯಿತು. ಅಕ್ಕಲಕೋಟ ಭೋಸಲೆ ಅರಸರ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಇಲ್ಲಿ ಅರಮನೆಯ ಹುಕುಮೇ ಕಾಯ್ದೆ. ಊರಿಗೆ ರೇಲ್ವೆ ಕೂಡ ಬರಲಿಲ್ಲ, ಅಕ್ಕಲಕೋಟ ರೋಡ್ ಎಂಬ ಸ್ಟೇಶನ್ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲೇ ಉಳಿಯಿತು. ಊರು ಬೆಳೆದದ್ದು ಸ್ವಾಮಿ ಸಮರ್ಥರ ಹೆಸರಿನಲ್ಲಿ. 1878ರಲ್ಲಿ ಅವರು ಸಮಾಧಿಯಾದ ಮೇಲೆ ಭಕ್ತರ ಸಂಖ್ಯೆ ಕಡಿಮೆಯಾಗಲಿಲ್ಲ, ಹೆಚ್ಚಿತು. 2011ರ ಜನಗಣತಿಯಲ್ಲಿ ಸುಮಾರು 40 ಸಾವಿರ ಜನರಿದ್ದ ಊರಿಗೆ ಗುರುಪೌರ್ಣಿಮೆಯ ದಿನ ಎಷ್ಟು ಜನ ಬರುತ್ತಾರೆಂಬುದು ಓಣಿಯವರಿಗೆ ಗೊತ್ತು. ಯೋಜನೆಯ ಲೆಕ್ಕ ನಿವಾಸಿಗಳ ಮೇಲೆ ನಿಂತಿರುತ್ತದೆ, ನೀರು ಕುಡಿಯುವವರು ಬೇರೆಯವರೂ ಇರುತ್ತಾರೆ.

ಸೊಲ್ಲಾಪುರದ ದಾರಿ ಬೇರೆ. 1860ರಲ್ಲಿ ರೇಲ್ವೆ, 1877ರ ಹೊತ್ತಿಗೆ ಜುನಿ ಮಿಲ್, ಆಮೇಲೆ ಚಾಳುಗಳು. 'ಗುನ್ಹೆಗಾರ ಜಾತಿ' ಎಂಬ ಹಣೆಪಟ್ಟಿ ಹಚ್ಚಿ ಜನರನ್ನು ತಂತಿಬೇಲಿಯೊಳಗೆ ಇಟ್ಟದ್ದೂ ಒಂದು ಬಗೆಯ ಭೂ ಯೋಜನೆಯೇ. ತಂತಿ ಹೋಯಿತು, 'ಸೆಟಲ್‌ಮೆಂಟ್' ಎಂಬ ಹೆಸರು ಹೋಗಲಿಲ್ಲ. 1964ರಲ್ಲಿ ಮಹಾನಗರಪಾಲಿಕೆಯಾಯಿತು. 1992ರಲ್ಲಿ ಹದ್ದು ಹಿಗ್ಗಿಸಿದಾಗ ನಗರದ ಕ್ಷೇತ್ರ ಸುಮಾರು 33 ಚದರ ಕಿ.ಮೀ.ಯಿಂದ 178 ಚದರ ಕಿ.ಮೀ.ಗೆ ಏರಿತು. ಬಾಳೆ, ಕೇಗಾಂವ, ಸೋರೆಗಾಂವ, ಶೆಳಗಿ ಮುಂತಾದ ಹಳ್ಳಿಗಳ ಜೋಳದ ಹೊಲ ಒಂದೇ ಏಟಿಗೆ ನಗರದ ಜಮೀನಾಯಿತು. ಬಿತ್ತುವವನ ಕೈಯಲ್ಲಿ ಕೂರಿಗೆ ಇರುವಾಗಲೇ ನಕಾಶೆಯಲ್ಲಿ ಅವನ ಹೊಲಕ್ಕೆ ಬೇರೆ ಬಣ್ಣ ಬರುತ್ತದೆ.

ಈಗ ನಡೆಯುವುದು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರರಚನಾ ಕಾಯ್ದೆ. ಕುರನೂರ ಧರಣವೂ ಅದೇ ದಶಕದ್ದು. ಈ ಕಾಯ್ದೆಯ 38ನೆಯ ಕಲಮಿನಂತೆ ಯೋಜನೆಯನ್ನು 20 ವರ್ಷಕ್ಕೊಮ್ಮೆಯಾದರೂ ಪುನಃ ಪರಿಶೀಲಿಸಬೇಕು. ಗಡಿಯಾಚೆ ಕರ್ನಾಟಕದಲ್ಲಿ ಇದಕ್ಕೆ ಮಹಾಯೋಜನೆ ಎನ್ನುತ್ತಾರೆ, ಅಲ್ಲಿ ಅವಧಿ 10 ವರ್ಷ. ಇಪ್ಪತ್ತು ವರ್ಷ ದೊಡ್ಡ ಕಾಲ. ಒಂದನೆಯ ಇಯತ್ತೆಗೆ ಸೇರಿದ ಹುಡುಗ ತನ್ನ ಮಗುವನ್ನು ಶಾಲೆಗೆ ಕರೆತರುವಷ್ಟು.

ಕೆಲಸದ ಕ್ರಮ ಹೀಗೆ. ಮೊದಲು ಈಗಿರುವ ಭೂಬಳಕೆಯ ನಕಾಶೆ: ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಹೊಲ. ಅದರ ಮೇಲೆ ಮುಂದಿನ ಪ್ರಸ್ತಾವ. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಬಯಲಿಗೆ ಹಸಿರು. ಶಾಲೆ, ಆಟದ ಮೈದಾನ, ಸಂತೆ, ರಸ್ತೆಗೆ 'ಆರಕ್ಷಣ'. ಕರಡು ಪ್ರಕಟವಾದ ಮೇಲೆ ಹರಕತಿ-ಸೂಚನೆ ಕೊಡಲು 30 ದಿನ. ನಂತರ ನಿಯೋಜನ ಸಮಿತಿಯ ಮುಂದೆ ಸುನಾವಣಿ, ಕೊನೆಗೆ ಸರಕಾರದ ಮಂಜೂರಿ.

ಗಡಿನಾಡಿನ ನಮಗೆ ತೊಡಕು ಬರುವುದು ಆ 30 ದಿನಗಳಲ್ಲಿ. ಪ್ರಕಟಣೆ ಮರಾಠಿಯಲ್ಲಿ, ಅದೂ ಗಟ್ ನಂಬರುಗಳ ಭಾಷೆಯಲ್ಲಿ. ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ರೈತನಿಗೆ ತನ್ನ ಸಾತಬಾರಾ ಗೊತ್ತು, ಆದರೆ ಅದರ ಮೇಲೆ ಬಿದ್ದ ಗೆರೆ ಗೊತ್ತಾಗುವುದು ಮಗಳ ಮದುವೆಗೆಂದು ಹೊಲ ಮಾರಲು ಹೋದಾಗ. (ಮರಾಠಿ ಬಲ್ಲವರಿಗೂ ಆ ಭಾಷೆ ಸುಲಭವಲ್ಲ ಎಂಬುದನ್ನೂ ಹೇಳಬೇಕು.)

ಮೈದಾನದ ಕಥೆ ಇನ್ನೂ ನಾಜೂಕು. 127ನೆಯ ಕಲಮಿನಂತೆ ಯೋಜನೆ ಜಾರಿಗೆ ಬಂದು 10 ವರ್ಷದೊಳಗೆ ಆರಕ್ಷಿತ ಜಾಗವನ್ನು ಸ್ವಾಧೀನ ಮಾಡಿಕೊಳ್ಳದಿದ್ದರೆ ಮಾಲೀಕ ನೋಟಿಸ್ ಕೊಡಬಹುದು. ಮೊದಲು ಆರು ತಿಂಗಳಿದ್ದ ನೋಟಿಸಿನ ಗಡುವು ಈಗ 24 ತಿಂಗಳು. ಅದೂ ಮುಗಿದರೆ ಆರಕ್ಷಣ ರದ್ದು. ಸುಮ್ಮನೆ ಪತ್ರ ಬರೆದರೆ ಸಾಲದು, ಸ್ವಾಧೀನದ ನಿಜವಾದ ಹೆಜ್ಜೆ ಇಡಬೇಕು ಎಂದು ಗಿರ್ನಾರ್ ಟ್ರೇಡರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ನನಗೆ ಇದು ನ್ಯಾಯವೆಂದೇ ತೋರುತ್ತದೆ. ದುಡ್ಡು ಕೊಡದೆ ಒಬ್ಬನ ಹೊಲವನ್ನು ಎಷ್ಟು ವರ್ಷ ಕಟ್ಟಿಹಾಕುವುದು? ಆದರೆ ಸಣ್ಣ ನಗರಪರಿಷತ್ತಿನ ತಿಜೋರಿಯಲ್ಲಿ ಸ್ವಾಧೀನದ ಹಣವಿರುವುದಿಲ್ಲ. ರೈತನೂ ಕಾಯುತ್ತಾನೆ, ಮಕ್ಕಳೂ ಕಾಯುತ್ತಾರೆ, ಕೊನೆಗೆ ಅಲ್ಲಿ ಪ್ಲಾಟು ಬೀಳುತ್ತವೆ.

ಅಕ್ಕಲಕೋಟ ತೀರ್ಥಕ್ಷೇತ್ರಕ್ಕೆ ಮುನ್ನೂರು ಕೋಟಿಗೂ ಮಿಕ್ಕಿದ ಆರಾಖಡಾ ಬೇರೆ ಬಂದಿದೆ. ತೀರ್ಥಕ್ಷೇತ್ರದ್ದು ಹಣ ಖರ್ಚಿನ ಯೋಜನೆ, ನಗರದ್ದು ಜಮೀನಿನ ಬಳಕೆಯ ಕಾನೂನು. ಎರಡಕ್ಕೂ ಜನ 'ಆರಾಖಡಾ' ಎಂದೇ ಅನ್ನುವುದರಿಂದ ಚಹಾದ ಅಂಗಡಿಯಲ್ಲಿ ಗೊಂದಲ ತಪ್ಪಿದ್ದಲ್ಲ.

ಕರಡು ಪ್ರಕಟವಾದಾಗ ನಕಾಶೆಯನ್ನು ಯಾರು ಬೇಕಾದರೂ ಕಚೇರಿಯಲ್ಲಿ ನೋಡಬಹುದು, ಶುಲ್ಕ ಕಟ್ಟಿ ಪ್ರತಿ ಪಡೆಯಬಹುದು. ಶಾಲಾ ವ್ಯವಸ್ಥಾಪನ ಸಮಿತಿಯವರು ಶಾಲೆಯ ಗಟ್ ನಂಬರು, ಸುತ್ತಲಿನ ನಾಲ್ಕು ನಂಬರು ಬರೆದಿಟ್ಟುಕೊಂಡು ಹೋದರೆ ಹುಡುಕಲು ಹತ್ತು ನಿಮಿಷ ಸಾಕು. ಹರಕತಿ ಬರೆಯುವಾಗ ನಂಬರು, ಈಗಿನ ಬಳಕೆ, ಬೇಕಾದ ಬದಲಾವಣೆ, ಈ ಮೂರನ್ನು ಮರಾಠಿಯಲ್ಲಿ ಬರೆದು ಪೋಚ್ ಪಡೆದುಕೊಳ್ಳಬೇಕು.