ಸಿರಾಜಗ್ರಂಥಿ: ಒಂದು ಸಮೀಕರಣದ ಪರಿಶೀಲನೆ

ಮಸರಕಲ್, ದೇವದುರ್ಗ, ಮಾನ್ವಿಗಳನ್ನೊಳಗೊಂಡ ಕೃಷ್ಣಾ-ತುಂಗಭದ್ರೆಗಳ ನಡುನಾಡು ಶತಮಾನಗಳ ಕಾಲ ರಣಭೂಮಿಯಾಗಿತ್ತು. 1520ರ ರಾಯಚೂರು ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪರವಾಗಿ ನಿಂತ ಪೋರ್ಚುಗೀಸ್ ಬಂದೂಕುಧಾರಿಗಳು ಕೋಟೆಯ ಮೇಲಿದ್ದವರನ್ನು ಗುಂಡಿಕ್ಕಿದ ಸಂಗತಿಯನ್ನು ನುನಿಜ್ ದಾಖಲಿಸಿದ್ದಾನೆ. ಇಂಥ ಯುದ್ಧಗಳಲ್ಲಿ ಮಡಿದವರಿಗೆ ವೀರಗಲ್ಲುಗಳಿವೆ. ಗಾಯಗೊಂಡು ಬದುಕಿದವರ ಪಾಡನ್ನು ವೈದ್ಯಗ್ರಂಥಗಳಲ್ಲಿ ಅರಸಬೇಕು.

ಧಮನಿಗೆ ಪೆಟ್ಟಾದರೆ, ಮೇಲಿನ ಗಾಯ ಮಾಯ್ದ ಬಳಿಕವೂ ಒಳಗೆ ನೆತ್ತರು ತುಂಬಿ, ನಾಡಿಯೊಡನೆ ಮಿಡಿಯುವ ಗಂಟು ಬೆಳೆಯಬಹುದು. ಇದು ಆಘಾತಜನ್ಯ ಅನ್ಯೂರಿಸಂ. ಪ್ರಾಚೀನರ 'ಸಿರಾಜಗ್ರಂಥಿ' ಇದೇ ಎಂದು ಸಲೀಸಾಗಿ ಬರೆಯುವವರಿದ್ದಾರೆ. ನನಗೆ ಇದು ಒಪ್ಪಿತವಲ್ಲ. ಸುಶ್ರುತನು ಹೇಳುವ ಕಾರಣ ದುರ್ಬಲನ ಅತಿವ್ಯಾಯಾಮ. ವಾಗ್ಭಟನು ನಡೆದು ದಣಿದವನು ಥಟ್ಟನೆ ನೀರಿಗಿಳಿಯುವುದನ್ನೂ ಸೇರಿಸುತ್ತಾನೆ. ಇಬ್ಬರಲ್ಲಿಯೂ ಆಯುಧದ ಪ್ರಸ್ತಾಪವಿಲ್ಲ. ಮೇಲಾಗಿ ವಾಗ್ಭಟನು ಆ ಗಂಟನ್ನು 'ನಿಃಸ್ಫುರ', ಎಂದರೆ ಮಿಡಿಯದ್ದು, ಎಂದೇ ಕರೆದಿದ್ದಾನೆ. ಸಮೀಕರಣಕಾರರು ಮೊದಲು ಈ ಒಂದು ಪದಕ್ಕೆ ಉತ್ತರ ಹೇಳಬೇಕು.

ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಆಂಟಿಲಸ್, ಧಮನಿ ಹಿಗ್ಗಿ ಆದ ಗಂಟನ್ನೂ ಗಾಯದಿಂದಾದ ಗಂಟನ್ನೂ ಬೇರ್ಪಡಿಸಿ, ಮೇಲೆ ಕೆಳಗೆ ಧಮನಿಯನ್ನು ಕಟ್ಟಿ ಗಂಟನ್ನು ಸೀಳುವ ಕ್ರಮವನ್ನು ವಿವರಿಸಿದನು. ಆತನೂ ಕಂಕುಳು, ತೊಡೆಸಂದು, ಕೊರಳಿನ ಗಂಟುಗಳನ್ನು ಮುಟ್ಟಲೊಲ್ಲ. ಮರ್ಮಸ್ಥಾನದಲ್ಲೆದ್ದ ದೊಡ್ಡ ಸಿರಾಜಗ್ರಂಥಿಯನ್ನು ಬಿಟ್ಟುಬಿಡಬೇಕೆಂದು ಸುಶ್ರುತನೂ ವಿಧಿಸುತ್ತಾನೆ. ರೋಗ ಒಂದಲ್ಲದಿದ್ದರೂ ಅಂಜಿಕೆ ಒಂದೇ. ಗಂಟಿನ ಒಳಗಿನಿಂದ ಹೊಲಿಯುವ ದಾರಿ ತೆರೆದುದು 1888ರಲ್ಲಿ. ನ್ಯೂ ಆರ್ಲಿಯನ್ಸ್‌ನ ರುಡಾಲ್ಫ್ ಮಾಟಾಸ್, ಗುಂಡೇಟಿನಿಂದ ತೋಳಿನಲ್ಲಿ ಇಂಥ ಗಂಟಾದವನೊಬ್ಬನಿಗೆ ಅದನ್ನು ಮಾಡಿದನು.

ನಮ್ಮ ಜೈನ ವೈದ್ಯಪರಂಪರೆಯಲ್ಲಿ ಶಸ್ತ್ರಚಿಕಿತ್ಸೆ ಇರಲಿಲ್ಲವೆಂದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯನು ಸಂಸ್ಕೃತ 'ಕಲ್ಯಾಣಕಾರಕ'ದಲ್ಲಿ ಪೂರ್ವಾಚಾರ್ಯರನ್ನು ನೆನೆಯುತ್ತ, ಶಾಲಾಕ್ಯವನ್ನು ಪೂಜ್ಯಪಾದರಿಗೂ ಶಲ್ಯತಂತ್ರವನ್ನು ಪಾತ್ರಸ್ವಾಮಿಗೂ ಸಲ್ಲಿಸುತ್ತಾನೆ. ಕಲ್ಯಾಣಕಾರಕ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಪಾತ್ರಸ್ವಾಮಿಯ ಶಲ್ಯತಂತ್ರ ಉಪಲಬ್ಧವಿಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದುದೂ ಪೂಜ್ಯಪಾದರ ಕೃತಿಯನ್ನೇ ಹೊರತು ಇದನ್ನಲ್ಲ. ಇಲ್ಲದ ಗ್ರಂಥದ ಬಲದಿಂದ ಪೂರ್ವಿಕರಿಗೆ ಕೀರ್ತಿ ಕಟ್ಟುವುದು ಸಂಶೋಧನೆಯಲ್ಲ. ಹಸ್ತಪ್ರತಿ ಭಂಡಾರಗಳ ವೈದ್ಯದ ಕಟ್ಟುಗಳನ್ನು ಬಿಚ್ಚುವ ವಿದ್ಯಾರ್ಥಿಗಳು 'ಗ್ರಂಥಿ' ಎಂಬ ಶಬ್ದ ಕಂಡೊಡನೆ ನಿಲ್ಲದೆ, ಗಾಯ, ಮಿಡಿತ, ನಾಡಿಯ ಬಂಧನ ಈ ಮೂರೂ ಒಂದೆಡೆ ಬಂದಿವೆಯೇ ಎಂದು ನೋಡಲಿ.